ಕತ್ತಿ ಕಡಿಮೆ, ಪಾಠ ಜಾಸ್ತಿ: ‘ದಿ ಸೋರ್ಡ್ ಇನ್ ದಿ ಸ್ಟೋನ್’ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಡಿಸ್ನಿಯ ಹಳೇ ಅನಿಮೇಷನ್ ಸಿನಿಮಾಗಳ ಮಾತು ಬಂದಾಗ ಇದರ ಹೆಸರು ಮೊದಲು ಯಾರ ಬಾಯಲ್ಲೂ ಬರುವುದಿಲ್ಲ. ಒಮ್ಮೆ ಬಂತೆಂದರೆ ಮಾತ್ರ ವಾದ ಶುರು. ಒಬ್ಬರಿಗೆ ಇದು ಬಾಲ್ಯದ ಅಚ್ಚುಮೆಚ್ಚಿನ ಸಿನಿಮಾ, ಇನ್ನೊಬ್ಬರಿಗೆ ತಲೆಬುಡ ಇಲ್ಲದ ಸಿನಿಮಾ. ಎರಡೂ ಕಡೆಯವರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಅವೇ. ಅವುಗಳಿಗೆ ಉತ್ತರ ಇಲ್ಲಿದೆ. ಕಥೆಯ ಕೊನೆ ಮುಂಚೆಯೇ ಗೊತ್ತಾಗಬಾರದು ಎನ್ನುವವರು ಮೊದಲು ಸಿನಿಮಾ ನೋಡಿ ಬನ್ನಿ. ಒಂದು ಗಂಟೆ ಹತ್ತೊಂಬತ್ತು ನಿಮಿಷ ಅಷ್ಟೇ.

ಇದು ಯಾವ ಸಿನಿಮಾ? ಯಾರು ಮಾಡಿದ್ದು?

1963ರ ಕ್ರಿಸ್‌ಮಸ್ ದಿನ ಅಮೆರಿಕದಲ್ಲಿ ಬಿಡುಗಡೆಯಾದ ವಾಲ್ಟ್ ಡಿಸ್ನಿ ಕಂಪನಿಯ ಅನಿಮೇಷನ್ ಸಿನಿಮಾ. ನಿರ್ದೇಶಕ ವುಲ್ಫ್‌ಗ್ಯಾಂಗ್ ರೈಥರ್‌ಮನ್. ಡಿಸ್ನಿಯಲ್ಲಿ ಅಲ್ಲಿಯವರೆಗೆ ಒಂದು ಅನಿಮೇಷನ್ ಸಿನಿಮಾಕ್ಕೆ ಹಲವರು ಸೇರಿ ನಿರ್ದೇಶನ ಮಾಡುವುದು ರೂಢಿ. ಇದನ್ನು ಪೂರ್ತಿ ಒಬ್ಬರೇ ನೋಡಿಕೊಂಡರು. ಚಿತ್ರಕಥೆ ಬಿಲ್ ಪೀಟ್ ಅವರದು. ಹಾಡುಗಳು ಶರ್ಮನ್ ಸಹೋದರರದು, ಹಿನ್ನೆಲೆ ಸಂಗೀತ ಜಾರ್ಜ್ ಬ್ರನ್ಸ್ ಅವರದು. ಇದೇ ರೈಥರ್‌ಮನ್ ಮುಂದೆ ‘ದಿ ಜಂಗಲ್ ಬುಕ್’ ಮಾಡಿದರು. ಅದನ್ನು ನೋಡಿದವರಿಗೆ ಇಲ್ಲಿನ ಗೆರೆ, ನಗು, ಪ್ರಾಣಿಗಳ ನಡಿಗೆ ಎಲ್ಲವೂ ಪರಿಚಿತ ಅನ್ನಿಸುತ್ತದೆ.

ಕಥೆ ಏನು?

ದಂತಕಥೆಯ ಆರ್ಥರ್ ರಾಜನ ಬಾಲ್ಯದ ಕಥೆ ಇದು. ಇಂಗ್ಲೆಂಡಿನ ರಾಜ ವಾರಸುದಾರ ಇಲ್ಲದೆ ಸತ್ತಿದ್ದಾನೆ. ಲಂಡನ್ನಿನಲ್ಲಿ ಒಂದು ಕಲ್ಲು, ಅದರ ಮೇಲೆ ಕಮ್ಮಾರನ ಅಡಿಗಲ್ಲು, ಅದರೊಳಗೆ ನಾಟಿದ ಕತ್ತಿ ಕಾಣಿಸಿಕೊಳ್ಳುತ್ತದೆ. ಅದನ್ನು ಕಿತ್ತವನೇ ರಾಜ. ಎಷ್ಟೋ ಜನ ಎಳೆದು ಸೋಲುತ್ತಾರೆ. ಆಮೇಲೆ ಎಲ್ಲರೂ ಅದನ್ನು ಮರೆತೇಬಿಡುತ್ತಾರೆ.

ಅತ್ತ ಕಾಡಿನ ಪಕ್ಕದ ಕೋಟೆಯಲ್ಲಿ ಸರ್ ಎಕ್ಟರ್ ಎಂಬ ದಪ್ಪ ಮೀಸೆಯ ಯಜಮಾನ. ಅವನ ಮಗ ಕೇ, ಒರಟ. ಅವರ ಮನೆಯಲ್ಲೇ ಬೆಳೆದ ಅನಾಥ ಹುಡುಗ ಆರ್ಥರ್. ಎಲ್ಲರೂ ಅವನನ್ನು ವಾರ್ಟ್ ಎಂದು ಕರೆಯುತ್ತಾರೆ. ಪಾತ್ರೆ ತಿಕ್ಕುವುದು ಅವನ ಕೆಲಸ. ಒಂದು ದಿನ ಕೇ ಬಿಟ್ಟ ಬಾಣ ಹುಡುಕಿಕೊಂಡು ಕಾಡಿಗೆ ಹೋದವನು ಮರ್ಲಿನ್ ಎಂಬ ಮಂತ್ರವಾದಿಯ ಗುಡಿಸಲ ಸೂರು ಮುರಿದುಕೊಂಡು ಒಳಗೆ ಬೀಳುತ್ತಾನೆ. ಬೀಳುವುದು ಸೀದಾ ಕುರ್ಚಿಯ ಮೇಲೆ. ಯಾರೋ ಬರುತ್ತಾರೆ ಅಂತ ಮರ್ಲಿನ್ ಮುಂಚೆಯೇ ಟೀಗೆ ಸಿದ್ಧ ಮಾಡಿಕೊಂಡು ಕೂತಿರುತ್ತಾನೆ. ಅವನಿಗೆ ಭವಿಷ್ಯ ಕಾಣುತ್ತದಲ್ಲ!

ಅಲ್ಲಿಂದ ಪಾಠ ಶುರು. ಹುಡುಗನನ್ನು ಮೀನು ಮಾಡುತ್ತಾನೆ, ಅಳಿಲು ಮಾಡುತ್ತಾನೆ, ಗುಬ್ಬಿ ಮಾಡುತ್ತಾನೆ. ಕೊನೆಗೆ ಹೊಸ ವರ್ಷದ ದಿನ ಲಂಡನ್ನಿನ ಪಂದ್ಯಕ್ಕೆ ಕೇ ಜೊತೆ ಹೋದ ವಾರ್ಟ್, ಅವನ ಕತ್ತಿಯನ್ನು ವಸತಿಗೃಹದಲ್ಲೇ ಮರೆತು ಬಂದಿರುತ್ತಾನೆ. ಬಾಗಿಲು ಬೀಗ. ಎದುರಿಗೆ ಕಲ್ಲಿನಲ್ಲೊಂದು ಕತ್ತಿ. ಸುಮ್ನೆ ಕಿತ್ತುಕೊಂಡು ಬರುತ್ತಾನೆ.

ಜನರಿಗೆ ಇದು ಇಷ್ಟವಾಗಿದೆಯಾ, ಇಲ್ಲವಾ?

ಎರಡೂ ಹೌದು. ದುಡ್ಡಿನ ಲೆಕ್ಕದಲ್ಲಿ ಬಿಡುಗಡೆಯಾದಾಗ ಚೆನ್ನಾಗಿಯೇ ಓಡಿತು. 1972ರಲ್ಲಿ, 1983ರಲ್ಲಿ ಮತ್ತೆ ಥಿಯೇಟರಿಗೆ ತಂದರು. ವಿಮರ್ಶಕರು ಮಾತ್ರ ಆಗಲೂ ಒಂದೇ ಮಾತು ಹೇಳಲಿಲ್ಲ, ಈಗಲೂ ಹೇಳುವುದಿಲ್ಲ. ವಿಮರ್ಶೆಗಳನ್ನು ಒಟ್ಟು ಹಾಕುವ ಜಾಲತಾಣಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಮೆಚ್ಚುಗೆ ಕಾಣುತ್ತದೆ. ಸಾಮಾನ್ಯ ಪ್ರೇಕ್ಷಕರು ಹತ್ತಕ್ಕೆ ಏಳರ ಆಸುಪಾಸು ಅಂಕ ಕೊಡುತ್ತಾರೆ. ಅಂದರೆ ಫೇಲಂತೂ ಅಲ್ಲ, ರ‍್ಯಾಂಕೂ ಇಲ್ಲ.

ಆದರೆ ಈ ಅಂಕ ದಾರಿ ತಪ್ಪಿಸುತ್ತದೆ. ಎಲ್ಲರೂ ಏಳು ಕೊಟ್ಟಿದ್ದಲ್ಲ ಇದು. ಒಂಬತ್ತು ಕೊಟ್ಟವರು ಒಂದಷ್ಟು ಜನ, ಐದು ಕೊಟ್ಟವರು ಒಂದಷ್ಟು ಜನ. ಒಂಬತ್ತು ಕೊಟ್ಟವರು ದೃಶ್ಯಗಳನ್ನು ನೆನೆಯುತ್ತಾರೆ: ಅಳಿಲು, ಮಂತ್ರವಾದಿಗಳ ಕಾಳಗ, ಗೂಬೆಯ ನಗು. ಐದು ಕೊಟ್ಟವರು ಕಥೆ ಎಲ್ಲಿ ಅಂತ ಕೇಳುತ್ತಾರೆ. ಗಮನಿಸಿ ನೋಡಿದರೆ ಇಬ್ಬರೂ ಹೇಳುತ್ತಿರುವುದು ಒಂದೇ ಸಿನಿಮಾದ ಒಂದೇ ಗುಣದ ಬಗ್ಗೆ.

‘ಕಥೆಯೇ ಇಲ್ಲ’ ಅಂತ ಇಷ್ಟು ಜನ ಯಾಕೆ ಹೇಳುತ್ತಾರೆ?

ಯಾಕೆಂದರೆ ಹೆಸರು ಒಂದು ಮಾತು ಕೊಡುತ್ತದೆ, ಸಿನಿಮಾ ಬೇರೆಯದನ್ನು ಕೊಡುತ್ತದೆ. ಹೆಸರಲ್ಲೇ ಕತ್ತಿ ಇದೆ. ಮೊದಲ ಐದು ನಿಮಿಷದಲ್ಲಿ ಅದನ್ನು ತೋರಿಸುತ್ತಾರೆ, ಆಮೇಲೆ ಕೊನೆಯ ಹತ್ತು ನಿಮಿಷದವರೆಗೆ ಅದರ ಸುದ್ದಿಯೇ ಇಲ್ಲ. ನಡುವೆ ಒಂದಾದ ಮೇಲೆ ಒಂದು ಪಾಠ. ಮೀನಿನ ಭಾಗವನ್ನು ಅಳಿಲಿನ ಭಾಗದ ಆಮೇಲೆ ಹಾಕಿದರೂ ಏನೂ ವ್ಯತ್ಯಾಸ ಆಗುವುದಿಲ್ಲ. ಬಿಡಿ ಹೂವು ಬೇಕಾದಷ್ಟಿದೆ, ದಾರ ಇಲ್ಲ.

ಇದಕ್ಕೆ ಇನ್ನೊಂದು ಕಾರಣವೂ ಇದೆ. ನಾಯಕ ಏನನ್ನೂ ಬಯಸುವುದಿಲ್ಲ. ಜಾಸ್ತಿ ಅಂದರೆ ಕೇಯ ಸ್ಕ್ವೈರ್ ಆಗಬೇಕು, ಅಂದರೆ ಅವನ ಆಯುಧ ಹೊರುವ ಆಳಾಗಬೇಕು, ಅಷ್ಟೇ ಅವನ ಆಸೆ. ಆ ಕೆಲಸ ಹಾಬ್ಸ್ ಎಂಬವನ ಪಾಲಾಗುತ್ತದೆ. ಅವನಿಗೆ ಮಂಗನಬಾವು ಬಂದಿದ್ದರಿಂದ ಮತ್ತೆ ಇವನ ಕೈಗೆ ಬರುತ್ತದೆ. ಇಂಗ್ಲೆಂಡಿನ ಸಿಂಹಾಸನದ ಭವಿಷ್ಯ ಒಬ್ಬ ಹುಡುಗನ ಊದಿಕೊಂಡ ಕೆನ್ನೆಯ ಮೇಲೆ ನಿಂತಿತ್ತು ಅನ್ನುವುದು ನಗು ತರಿಸುತ್ತದೆ. ಕಥೆ ಕಟ್ಟುವ ದೃಷ್ಟಿಯಿಂದ ನೋಡಿದರೆ ಸೋಮಾರಿತನ ಅಂತಲೂ ಅನ್ನಬಹುದು.

ನನ್ನ ಅಭಿಪ್ರಾಯ ಕೇಳಿದರೆ, ಇದನ್ನು ರಾಜನ ಕಥೆ ಅಂದುಕೊಂಡು ಕೂತರೆ ನಿರಾಸೆ ಖಂಡಿತ. ಒಬ್ಬ ವಿಚಿತ್ರ ಮೇಷ್ಟ್ರು ಮತ್ತು ಅವರ ಏಕೈಕ ವಿದ್ಯಾರ್ಥಿಯ ಕಥೆ ಅಂದುಕೊಂಡು ಕೂತರೆ ಸಿನಿಮಾ ತುಂಬ ಚೆನ್ನಾಗಿದೆ.

ಅಳಿಲಿನ ದೃಶ್ಯದ ಬಗ್ಗೆ ಎಲ್ಲರೂ ಯಾಕೆ ಅಷ್ಟು ಮಾತಾಡುತ್ತಾರೆ?

ಈ ಸಿನಿಮಾ ನೋಡಿ ಎಷ್ಟೋ ವರ್ಷವಾದವರನ್ನೂ ಕೇಳಿ ನೋಡಿ. ಕತ್ತಿ ಕಿತ್ತ ದೃಶ್ಯ ಅರ್ಧ ಮರೆತಿರುತ್ತಾರೆ. ಅಳಿಲನ್ನು ಮರೆತಿರುವುದಿಲ್ಲ.

ನಡೆಯುವುದು ಇಷ್ಟು. ಅಳಿಲಾಗಿ ಕೊಂಬೆಯಿಂದ ಕೊಂಬೆಗೆ ಹಾರುವುದನ್ನು ವಾರ್ಟ್ ಕಲಿಯುತ್ತಿರುತ್ತಾನೆ. ಒಂದು ಕೆಂಪು ಬಣ್ಣದ ಹೆಣ್ಣು ಅಳಿಲು ಅವನ ಹಿಂದೆ ಬೀಳುತ್ತದೆ. ಅವನು ತಳ್ಳಿದಷ್ಟೂ ಅದು ಅಂಟಿಕೊಳ್ಳುತ್ತದೆ. ಬಾಲ ಸುತ್ತುತ್ತದೆ, ಮೂಗು ಒತ್ತುತ್ತದೆ. ತಾನೂ ಅಳಿಲಾಗಿರುವ ಮರ್ಲಿನ್ ಮೊದಮೊದಲು ನಗುತ್ತಾನೆ. ಆಮೇಲೆ ಒಂದು ದಪ್ಪನೆಯ ಅಜ್ಜಿ ಅಳಿಲು ಅವನಿಗೇ ಗಂಟುಬಿದ್ದಾಗ ಅವನ ನಗು ನಿಲ್ಲುತ್ತದೆ. ಇಲ್ಲಿವರೆಗೆ ಎಲ್ಲ ತಮಾಷೆ. ಆಮೇಲೆ ವಾರ್ಟ್ ಕೆಳಗೆ ಬೀಳುತ್ತಾನೆ, ಹಸಿದ ತೋಳ ಬಾಯಿ ಹಾಕುತ್ತದೆ. ಆ ಪುಟ್ಟ ಅಳಿಲು ತೋಳದ ಕಾಲು ಕಚ್ಚಿ ಅವನನ್ನು ಉಳಿಸುತ್ತದೆ.

ಮರ್ಲಿನ್ ತನ್ನನ್ನೂ ವಾರ್ಟ್‌ನನ್ನೂ ಮತ್ತೆ ಮನುಷ್ಯರನ್ನಾಗಿ ಮಾಡುತ್ತಾನೆ. ಅಜ್ಜಿ ಅಳಿಲು ಬೈದು ಓಡಿಹೋಗುತ್ತದೆ. ಚಿಕ್ಕದು ಓಡುವುದಿಲ್ಲ. ನೋಡುತ್ತದೆ, ಹಿಂದೆ ಸರಿಯುತ್ತದೆ, ಮರ ಹತ್ತಿ ಪೊಟರೆಯಿಂದ ಇಣುಕಿ ಅಳುತ್ತದೆ. ನಾನು ಹುಡುಗ ಅಂತ ಆಗಲೇ ಹೇಳಿದ್ದೆನಲ್ಲ ಅಂತ ವಾರ್ಟ್ ತೊದಲುತ್ತಾನೆ. ಅವನ ಭಾಷೆ ಅದಕ್ಕೆ ಅರ್ಥವೇ ಆಗಿರುವುದಿಲ್ಲ. ಯಾವ ಹಾಡೂ ಬಂದು ಈ ದುಃಖವನ್ನು ತೇಲಿಸಿಬಿಡುವುದಿಲ್ಲ. ಗುರುತ್ವಾಕರ್ಷಣೆಗಿಂತ ಪ್ರೀತಿ ದೊಡ್ಡ ಶಕ್ತಿಯಾ ಅಂತ ಹುಡುಗ ಕೇಳಿದರೆ, ಮರ್ಲಿನ್ ಸ್ವಲ್ಪ ಯೋಚಿಸಿ ಹೌದು ಅನ್ನುತ್ತಾನೆ. ಅಲ್ಲಿಗೆ ಮುಗಿಯಿತು. ಆ ಅಳಿಲು ಮತ್ತೆ ಬರುವುದೇ ಇಲ್ಲ.

ಮಕ್ಕಳ ಸಿನಿಮಾದಲ್ಲಿ ಯಾರದೂ ತಪ್ಪಿಲ್ಲದೆ ಒಬ್ಬರ ಮನಸ್ಸು ಒಡೆಯುವುದನ್ನು ಇಷ್ಟು ನೇರವಾಗಿ ತೋರಿಸಿದ್ದು ಕಡಿಮೆ. ಬೇಸರದಿಂದಲೇ ಇದನ್ನು ದೂರುವವರೂ ಇದ್ದಾರೆ: ಕೊನೆಯಲ್ಲಿ ಒಮ್ಮೆ ಅವಳನ್ನು ತೋರಿಸಬಾರದಿತ್ತೇ ಅಂತ. ನನಗೆ ತೋರಿಸದೇ ಇದ್ದದ್ದೇ ಸರಿ ಅನ್ನಿಸುತ್ತದೆ.

ಖಳನಾಯಕ ಯಾರು? ಮಾಟಗಾತಿ ಮ್ಯಾಡಮ್ ಮಿಮ್ ಅಷ್ಟು ತಡವಾಗಿ ಬರುತ್ತಾಳಲ್ಲ?

ನಿಜ. ಮೂರನೇ ಪಾಠದಲ್ಲಿ ಗುಬ್ಬಿಯಾಗಿದ್ದ ವಾರ್ಟ್ ಗಿಡುಗನಿಂದ ತಪ್ಪಿಸಿಕೊಳ್ಳುವ ಭರದಲ್ಲಿ ಅವಳ ಚಿಮಣಿಯೊಳಗೆ ಬೀಳುತ್ತಾನೆ. ಅಲ್ಲಿವರೆಗೆ ಅವಳ ಹೆಸರೂ ಇಲ್ಲ. ಬರುತ್ತಾಳೆ, ಹಾಡುತ್ತಾಳೆ, ಮರ್ಲಿನ್ ಜೊತೆ ಕಾದಾಡುತ್ತಾಳೆ, ಕಾಯಿಲೆ ಬಿದ್ದು ಹೋಗುತ್ತಾಳೆ. ಕತ್ತಿಗೂ ಅವಳಿಗೂ ಸಂಬಂಧವಿಲ್ಲ. ವಾರ್ಟ್ ರಾಜನಾಗುತ್ತಾನೆ ಅನ್ನುವುದು ಅವಳಿಗೆ ಗೊತ್ತೂ ಇಲ್ಲ. ಮರ್ಲಿನ್ ಅವನಲ್ಲಿ ಒಳ್ಳೆಯದನ್ನು ಕಂಡಿದ್ದಾನೆ ಅನ್ನುವ ಒಂದೇ ಕಾರಣಕ್ಕೆ ಅವನನ್ನು ಮುಗಿಸಬೇಕು ಅನ್ನುತ್ತಾಳೆ.

ಇಷ್ಟಾದರೂ ಅವಳ ಅಭಿಮಾನಿಗಳು ಬಹಳ. ಕೆದರಿದ ನೇರಳೆ ಕೂದಲು, ಗಿಡ್ಡ ಮೈ, ಇಸ್ಪೀಟ್ ಆಡುವಾಗಲೂ ಮೋಸ. ಅವಳು ಕೆಟ್ಟವಳಾಗಿರುವುದನ್ನು ಆಟದ ಹಾಗೆ ಸವಿಯುತ್ತಾಳೆ. ಸಿನಿಮಾಕ್ಕಿಂತ ಹೆಚ್ಚು ಕಾಲ ಅವಳು ಬಾಳಿದ್ದು ಯುರೋಪಿನ ಡಿಸ್ನಿ ಕಾಮಿಕ್ಸ್‌ಗಳಲ್ಲಿ. ಇಟಲಿಯಲ್ಲಂತೂ ಡೊನಾಲ್ಡ್ ಡಕ್ ಕಥೆಗಳ ಕಾಯಂ ಮಾಟಗಾತಿಯರಲ್ಲಿ ಅವಳೂ ಒಬ್ಬಳು. ಅಲ್ಲಿನ ಎಷ್ಟೋ ಮಕ್ಕಳಿಗೆ ಆರ್ಥರ್‌ಗಿಂತ ಮೊದಲು ಮಿಮ್ ಪರಿಚಯ.

ಮಂತ್ರವಾದಿಗಳ ಕಾಳಗ ಅಷ್ಟು ಚೆನ್ನಾಗಿದೆಯಾ?

ಚೆನ್ನಾಗಿದೆ. ಈ ಸಿನಿಮಾ ಇಷ್ಟವಿಲ್ಲ ಎನ್ನುವವರೂ ಇಲ್ಲಿ ಬಾಯಿ ಮುಚ್ಚುತ್ತಾರೆ. ಪ್ರಾಣಿಗಳಾಗಿ ಬದಲಾಗುತ್ತಾ ಒಬ್ಬರನ್ನೊಬ್ಬರು ನುಂಗಲು ನೋಡುವ ಆಟ. ನಿಯಮಗಳನ್ನು ಹಾಕುವವಳು ಮಿಮ್: ಪ್ರಾಣಿ ಮಾತ್ರ, ಗಿಡ ಅಥವಾ ಕಲ್ಲು ಆಗಬಾರದು. ಗುಲಾಬಿ ಡ್ರ್ಯಾಗನ್ ಥರದ ಕಟ್ಟುಕಥೆಯ ಜೀವಿ ಆಗಬಾರದು. ಮಾಯವಾಗಬಾರದು. ಮೋಸ ಮಾಡಬಾರದು ಅಂತ ನಾಲ್ಕನೆಯದನ್ನು ಮರ್ಲಿನ್ ಸೇರಿಸುತ್ತಾನೆ.

ಚಿತ್ರಕಾರರ ಜಾಣ್ಮೆ ನೋಡಬೇಕಾದದ್ದು ಬಣ್ಣದಲ್ಲಿ. ಮರ್ಲಿನ್ ಏನೇ ಆದರೂ ನೀಲಿ, ಮಿಮ್ ಏನೇ ಆದರೂ ಗುಲಾಬಿ-ನೇರಳೆ. ಮರ್ಲಿನ್ ಆಮೆಯಾದರೂ ಮೂಗಿನ ಮೇಲೆ ಕನ್ನಡಕ, ಕಂಬಳಿಹುಳುವಾದರೂ ಮೀಸೆ. ಅವಳು ಮೊಸಳೆ, ನರಿ, ಕೋಳಿ, ಆನೆ, ಹಾವು, ಘೇಂಡಾಮೃಗ ಏನೇ ಆದರೂ ಕೆದರಿದ ಕೂದಲು ಹಾಗೇ ಇರುತ್ತದೆ. ಎಷ್ಟೇ ವೇಗವಾಗಿ ರೂಪ ಬದಲಾದರೂ ಯಾರು ಯಾರೆಂದು ಮೂರು ವರ್ಷದ ಮಗುವಿಗೂ ಗೊಂದಲವಾಗುವುದಿಲ್ಲ. ಮಿಲ್ಟ್ ಕಾಲ್, ಫ್ರಾಂಕ್ ಥಾಮಸ್ ಅವರಂಥ ಡಿಸ್ನಿಯ ಹಳೇ ಹುಲಿಗಳು ಸೇರಿ ಬಿಡಿಸಿದ ದೃಶ್ಯ ಇದು.

ಕೊನೆಗೆ ಅವಳು ಡ್ರ್ಯಾಗನ್ ಆಗಿಬಿಡುತ್ತಾಳೆ. ನೇರಳೆ ಡ್ರ್ಯಾಗನ್ ಬೇಡ ಅಂತ ನಾನು ಹೇಳಿದ್ದೆನಾ ಅಂತ ವಾದ ಬೇರೆ! ಮರ್ಲಿನ್ ಕಣ್ಣಿಗೆ ಕಾಣದಾಗುತ್ತಾನೆ. ಮಾಯವಾಗಿಲ್ಲ, ರೋಗಾಣುವಾಗಿದ್ದೇನೆ ಅನ್ನುತ್ತಾನೆ. ಅವಳಿಗೆ ಮೈತುಂಬ ಗುಳ್ಳೆ, ಒಮ್ಮೆ ಚಳಿ ಒಮ್ಮೆ ಸೆಖೆ, ಸೀನಿನ ಮೇಲೆ ಸೀನು. ತೋಳ್ಬಲಕ್ಕಿಂತ ಬುದ್ಧಿ ದೊಡ್ಡದು ಅನ್ನುವ ಪಾಠ ಬಾಯಿಮಾತಿನಲ್ಲಿ ಬಂದಾಗಲೆಲ್ಲ ಆಕಳಿಕೆ ಬರುತ್ತದೆ. ಇಲ್ಲಿ ಮಾತ್ರ ಅದು ಕಣ್ಣೆದುರು ನಡೆಯುತ್ತದೆ.

ಗೂಬೆ ಆರ್ಕಿಮಿಡೀಸ್‌ಗೆ ಯಾಕೆ ಇಷ್ಟು ಅಭಿಮಾನಿಗಳು?

ಮರ್ಲಿನ್ ಜೊತೆಗೇ ಇರುವ, ಮಾತಾಡುವ ಗೂಬೆ ಅವನು. ಸಿಡುಕ, ಜಂಬಗಾರ, ಓದಿಕೊಂಡವನು. ಹುಡುಗನಿಗೆ ನಿಜವಾಗಿ ಅಕ್ಷರ ಕಲಿಸುವವನು ಅವನೇ. ಮೀನಾಗಿದ್ದ ವಾರ್ಟ್‌ನನ್ನು ಕಂದಕದ ದೊಡ್ಡ ಪೈಕ್ ಮೀನಿನ ಬಾಯಿಂದ ಪಾರುಮಾಡುವುದೂ ಅವನೇ. ಆಮೇಲೆ ಕೇಳಿದರೆ, ತಿನ್ನೋಣ ಅಂತ ಎತ್ತಿಕೊಂಡೆ ಅಷ್ಟೇ ಅನ್ನುತ್ತಾನೆ. ಪ್ರೀತಿಯನ್ನು ಬೈಗುಳದಲ್ಲಿ ಮುಚ್ಚಿಡುವ ಇಂಥ ದೊಡ್ಡಪ್ಪಂದಿರು ಎಲ್ಲರ ಮನೆಯಲ್ಲೂ ಇರುತ್ತಾರೆ, ಅಲ್ವಾ?

ಇನ್ನು ಅವನ ನಗು. ಮರ್ಲಿನ್ ಮುಂದೊಂದು ದಿನ ಮನುಷ್ಯ ಹಾರುತ್ತಾನೆ ಅಂತ ತೋರಿಸಲು ಪುಟ್ಟ ವಿಮಾನ ಹಾರಿಸುತ್ತಾನೆ. ಅವನ ಗಡ್ಡ ಅದಕ್ಕೆ ಸಿಕ್ಕಿಕೊಂಡು ವಿಮಾನ ಕಿಟಕಿಯಾಚೆ ಕೆಳಗೆ ಬೀಳುತ್ತದೆ. ಆರ್ಕಿಮಿಡೀಸ್ ನಗಲು ಶುರು ಮಾಡಿದರೆ ನಿಲ್ಲಿಸುವುದೇ ಇಲ್ಲ. ಧ್ವನಿ ಕೊಟ್ಟ ಜೂನಿಯಸ್ ಮ್ಯಾಥ್ಯೂಸ್ ಅವರ ಆ ನಗುವಿನ ತುಣುಕನ್ನು ಜನ ಇವತ್ತಿಗೂ ಹಂಚಿಕೊಂಡು ನಗುತ್ತಾರೆ.

ಮರ್ಲಿನ್ ವಿಮಾನ, ಪೇಪರ್, ಬರ್ಮುಡಾ ಅಂತೆಲ್ಲ ಮಾತಾಡುವುದು ಕಿರಿಕಿರಿ ಅನ್ನಿಸುವುದಿಲ್ಲವಾ?

ಕೆಲವರಿಗೆ ಅನ್ನಿಸುತ್ತದೆ. ಪುರಾಣದ ಗಾಂಭೀರ್ಯ ಹೋಯಿತು ಅನ್ನುವುದು ಅವರ ದೂರು. ಬಾವಿಯಿಂದ ನೀರು ಸೇದುತ್ತಾ ನಲ್ಲಿ ಇಲ್ಲ, ಕರೆಂಟ್ ಇಲ್ಲ ಅಂತ ಗೊಣಗುವ ಮಂತ್ರವಾದಿಯಲ್ಲಿ ಗಾಂಭೀರ್ಯ ಎಲ್ಲಿಂದ ಬರಬೇಕು? ಆದರೆ ಇದು ಡಿಸ್ನಿಯವರು ತುರುಕಿದ ತಮಾಷೆ ಅಲ್ಲ. ಮೂಲ ಕಾದಂಬರಿಯ ಮರ್ಲಿನ್ ಕಾಲದಲ್ಲಿ ಹಿಂದುಹಿಂದಕ್ಕೆ ಬದುಕುವವನು. ಅವನಿಗೆ ಮುಂದಿನದು ನೆನಪಿರುತ್ತದೆ, ಹಿಂದಿನದು ಗೊತ್ತಿರುವುದಿಲ್ಲ. ಸಿನಿಮಾ ಅದನ್ನು ಹಗುರ ಮಾಡಿಕೊಂಡಿದೆ.

ನನಗೆ ಕಿರಿಕಿರಿ ಅನ್ನಿಸುವುದು ಬರ್ಮುಡಾದ ವಿಷಯ ಮಾತ್ರ. ವಾರ್ಟ್ ಸ್ಕ್ವೈರ್ ಆಗಲು ಒಪ್ಪಿದ ಅಂತ ಸಿಟ್ಟಾಗಿ ಮರ್ಲಿನ್ ರಾಕೆಟ್ ಥರ ಬರ್ಮುಡಾ ದ್ವೀಪಕ್ಕೆ ಹಾರಿ ಹೋಗಿಬಿಡುತ್ತಾನೆ. ಹುಡುಗ ಕತ್ತಿ ಕೀಳುವಾಗ ಮೇಷ್ಟ್ರು ಊರಲ್ಲೇ ಇಲ್ಲ. ಎಲ್ಲ ಮುಗಿದ ಮೇಲೆ ಚಡ್ಡಿ, ಹೂವಿನ ಅಂಗಿ, ತಂಪು ಕನ್ನಡಕದಲ್ಲಿ ವಾಪಸ್ ಬರುತ್ತಾನೆ. ನಗು ಬರುತ್ತದೆ, ಸರಿ. ಆದರೆ ಅಷ್ಟು ಹೊತ್ತು ಕಟ್ಟಿದ ಸಂಬಂಧವನ್ನು ಬೇಕಾದ ಹೊತ್ತಿಗೆ ಕೈಬಿಟ್ಟ ಹಾಗಾಗಿದೆ.

ಆರ್ಥರ್‌ನ ಧ್ವನಿ ಮಧ್ಯೆ ಮಧ್ಯೆ ಬದಲಾಗುತ್ತದಲ್ಲ? ನನ್ನ ಕಿವಿಯ ದೋಷವಾ?

ನಿಮ್ಮ ಕಿವಿ ಸರಿಯಾಗಿದೆ. ಮೊದಲು ಧ್ವನಿ ಕೊಟ್ಟ ಹುಡುಗ ರಿಕಿ ಸೊರೆನ್ಸನ್. ಸಿನಿಮಾ ತಯಾರಾಗುವಷ್ಟರಲ್ಲಿ ಅವನ ಗಂಟಲು ಒಡೆಯಿತು. ಆಗ ನಿರ್ದೇಶಕರು ತಮ್ಮ ಇಬ್ಬರು ಗಂಡುಮಕ್ಕಳಾದ ರಿಚರ್ಡ್ ಮತ್ತು ರಾಬರ್ಟ್ ಅವರಿಂದ ಉಳಿದದ್ದನ್ನು ಹೇಳಿಸಿದರು. ಒಂದೇ ದೃಶ್ಯದಲ್ಲೂ ಧ್ವನಿ ಹೆಚ್ಚುಕಮ್ಮಿ ಆಗುತ್ತದೆ. ಗೊತ್ತಾದ ಮೇಲೆ ಕೇಳಿಸದೆ ಇರುವುದು ಕಷ್ಟ. ಸುತ್ತ ಎಲ್ಲರೂ ಇಂಗ್ಲಿಷರ ಹಾಗೆ ಮಾತಾಡುವಾಗ ಇವನೊಬ್ಬ ಅಪ್ಪಟ ಅಮೆರಿಕದ ಹುಡುಗನ ಹಾಗೆ ಮಾತಾಡುತ್ತಾನೆ ಅನ್ನುವುದು ಬ್ರಿಟಿಷ್ ಪ್ರೇಕ್ಷಕರ ಹಳೇ ದೂರು.

ಅಂದ ಹಾಗೆ, ಸರ್ ಎಕ್ಟರ್‌ಗೆ ಮತ್ತು ಕಥೆ ಹೇಳುವವನಿಗೆ ಧ್ವನಿ ಕೊಟ್ಟ ಸೆಬಾಸ್ಟಿಯನ್ ಕ್ಯಾಬಟ್ ಅವರೇ ಮುಂದೆ ‘ದಿ ಜಂಗಲ್ ಬುಕ್’ನ ಬಘೀರ.

ಚಿತ್ರದ ಗೆರೆಗಳು ಒರಟಾಗಿ ಕಾಣುತ್ತವೆ. ಪ್ರಿಂಟ್ ಹಳೆಯದಾ?

ಪ್ರಿಂಟಿನ ತಪ್ಪಲ್ಲ. ಮೊದಲೆಲ್ಲ ಚಿತ್ರಕಾರರ ಪೆನ್ಸಿಲ್ ಗೆರೆಯ ಮೇಲೆ ಪಾರದರ್ಶಕ ಹಾಳೆ ಇಟ್ಟು ಕೈಯಿಂದಲೇ ಮಸಿಯಲ್ಲಿ ತಿದ್ದುತ್ತಿದ್ದರು. ಆ ಕೆಲಸ ಮಾಡುತ್ತಿದ್ದವರಲ್ಲಿ ಹೆಚ್ಚಿನವರು ಹೆಂಗಸರು. 1959ರ ‘ಸ್ಲೀಪಿಂಗ್ ಬ್ಯೂಟಿ’ಗೆ ಸುರಿದ ದುಡ್ಡು ವಾಪಸ್ ಬರಲಿಲ್ಲ. ಖರ್ಚು ಇಳಿಸಲೇಬೇಕಾಯಿತು. ಪೆನ್ಸಿಲ್ ಚಿತ್ರವನ್ನೇ ಜೆರಾಕ್ಸ್ ವಿಧಾನದಲ್ಲಿ ಹಾಳೆಗೆ ಇಳಿಸುವುದನ್ನು ರೂಢಿಗೆ ತಂದರು. 1961ರ ನಾಯಿಮರಿಗಳ ಸಿನಿಮಾ ‘ಒನ್ ಹಂಡ್ರೆಡ್ ಅಂಡ್ ಒನ್ ಡಾಲ್ಮೇಷಿಯನ್ಸ್’ ಪೂರ್ತಿ ಹಾಗೆ ಆಯಿತು. ಅದರ ನಂತರದ್ದೇ ಇದು.

ಮರ್ಲಿನ್‌ನ ಗಡ್ಡವನ್ನು, ವಾರ್ಟ್‌ನ ಕೂದಲನ್ನು ಒಂದು ಕ್ಷಣ ನಿಲ್ಲಿಸಿ ನೋಡಿ. ಕರಿ ಗೆರೆಗಳ ಪಕ್ಕ ಅಳಿಸದೆ ಬಿಟ್ಟ ಪೆನ್ಸಿಲ್ ಗೀಚು ಕಾಣುತ್ತದೆ. ಹಳೇ ಡಿಸ್ನಿಯ ನುಣುಪು ಇಷ್ಟಪಡುವವರು ಇದಕ್ಕೆ ಮೂಗು ಮುರಿಯುತ್ತಾರೆ. ಚಿತ್ರ ಬರೆಯುವ ಅಭ್ಯಾಸ ಇದ್ದವರು ಇದನ್ನೇ ಮೆಚ್ಚುತ್ತಾರೆ, ಕಲಾವಿದನ ಕೈ ನೇರವಾಗಿ ಕಾಣುತ್ತದೆ ಅಂತ. ಮಿತವ್ಯಯ ಇಲ್ಲಿಗೇ ನಿಲ್ಲಲಿಲ್ಲ. ಕೋಟೆಯ ನಾಯಿಗಳು ವಾರ್ಟ್‌ನ ಮೇಲೆ ಬಿದ್ದು ಮುಖ ನೆಕ್ಕುವ ದೃಶ್ಯದ ಚಲನೆಯನ್ನೇ ಮುಂದೆ ಮೌಗ್ಲಿ ಮತ್ತು ತೋಳಗಳಿಗೆ ಬಳಸಿಕೊಂಡರು.

ಹಾಡುಗಳು ಹೇಗಿವೆ?

ಸುಮಾರು. ಮರ್ಲಿನ್ ತನ್ನ ಗುಡಿಸಲಿನ ಪುಸ್ತಕ, ಪಾತ್ರೆ, ಕುರ್ಚಿ, ಮೇಜು ಎಲ್ಲವನ್ನೂ ಕುಗ್ಗಿಸಿ ಒಂದೇ ಚೀಲಕ್ಕೆ ತುಂಬುವಾಗ ಹಾಡುವ ‘ಹಿಗಿಟಸ್ ಫಿಗಿಟಸ್’ ಮಕ್ಕಳ ಬಾಯಲ್ಲಿ ಉಳಿಯುತ್ತದೆ. ಮಿಮ್‌ಳ ಹಾಡು ಅವಳ ಕುಣಿತದಿಂದ ಗೆಲ್ಲುತ್ತದೆ. ಉಳಿದವು ಬಂದಷ್ಟೇ ಬೇಗ ಮರೆತುಹೋಗುತ್ತವೆ. ಡಿಸ್ನಿಯ ಅನಿಮೇಷನ್ ಸಿನಿಮಾಕ್ಕೆ ಶರ್ಮನ್ ಸಹೋದರರ ಮೊದಲ ಕೆಲಸ ಇದು. ಮರುವರ್ಷವೇ ಬಂದ ‘ಮೇರಿ ಪಾಪಿನ್ಸ್’ಗೆ ಅವರು ಆಸ್ಕರ್ ಗೆದ್ದರು. ಈ ಸಿನಿಮಾದ ಸಂಗೀತಕ್ಕೂ ಆಸ್ಕರ್ ನಾಮನಿರ್ದೇಶನ ಸಿಕ್ಕಿತ್ತು, ಪ್ರಶಸ್ತಿ ಸಿಗಲಿಲ್ಲ.

ಮೂಲ ಪುಸ್ತಕ ಯಾವುದು? ಓದಿದವರು ಸಿನಿಮಾದ ಮೇಲೆ ಯಾಕೆ ಸಿಟ್ಟಾಗುತ್ತಾರೆ?

ಟಿ. ಎಚ್. ವೈಟ್ 1938ರಲ್ಲಿ ಬರೆದ ಇದೇ ಹೆಸರಿನ ಕಾದಂಬರಿ. ವೈಟ್ ಹುಟ್ಟಿದ್ದು ನಮ್ಮ ಬಾಂಬೆಯಲ್ಲಿ, 1906ರಲ್ಲಿ. ಇಂಗ್ಲೆಂಡಿನಲ್ಲಿ ಮೇಷ್ಟ್ರಾಗಿದ್ದವರು. ಡಿಸ್ನಿ 1939ರಲ್ಲೇ ಹಕ್ಕು ಕೊಂಡಿತು, ಆದರೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಅದು ಹಾಗೇ ಬಿದ್ದಿತ್ತು. 1960ರಲ್ಲಿ ವೈಟ್ ಅವರ ಆರ್ಥರ್ ಕಥೆಗಳ ಮೇಲೆ ಕಟ್ಟಿದ ‘ಕ್ಯಾಮೆಲಾಟ್’ ಎಂಬ ಸಂಗೀತ ನಾಟಕ ಬ್ರಾಡ್‌ವೇಯಲ್ಲಿ ಹಿಟ್ ಆಯಿತು. ಅದನ್ನು ನೋಡಿದ ಮೇಲೆ ವಾಲ್ಟ್ ಡಿಸ್ನಿಗೆ ಈ ಕಥೆಯ ಮೇಲೆ ಮತ್ತೆ ಮನಸ್ಸಾಯಿತು. ಅದೇ ಹೊತ್ತಿಗೆ ಸ್ಟುಡಿಯೋದಲ್ಲಿ ಒಂದು ಹುಂಜದ ಕಥೆಯ ತಯಾರಿಯೂ ನಡೆದಿತ್ತು. ಅದನ್ನು ಕೈಬಿಟ್ಟು ಇದನ್ನು ಆರಿಸಿಕೊಂಡರು.

ಮಿಮ್‌ಳನ್ನು ಡಿಸ್ನಿಯವರು ಹುಟ್ಟಿಸಿದ್ದು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹಾಗಲ್ಲ. 1938ರ ಪುಸ್ತಕದಲ್ಲಿ ಅವಳೂ ಇದ್ದಾಳೆ, ರೋಗಾಣುವಿನಿಂದ ಗೆಲ್ಲುವ ಕಾಳಗವೂ ಇದೆ. 1958ರಲ್ಲಿ ಎಲ್ಲ ಭಾಗಗಳನ್ನು ಸೇರಿಸಿ ಒಂದೇ ದೊಡ್ಡ ಕಾದಂಬರಿ ಮಾಡುವಾಗ ವೈಟ್ ಅವರೇ ಅವಳನ್ನು ತೆಗೆದುಹಾಕಿದರು.

ಓದಿದವರ ಸಿಟ್ಟಿಗೆ ನಿಜವಾದ ಕಾರಣ ಬೇರೆ ಇದೆ, ಮತ್ತು ಅದು ನ್ಯಾಯವಾದದ್ದೇ. ಪುಸ್ತಕದಲ್ಲಿ ವಾರ್ಟ್ ಕತ್ತಿ ಎಳೆಯುತ್ತಾನೆ, ಬರುವುದಿಲ್ಲ. ಆಗ ಅವನು ಪಾಠ ಕಲಿತ ಪ್ರಾಣಿ ಪಕ್ಷಿ ಮೀನುಗಳೆಲ್ಲ ಆ ಚರ್ಚಿನ ಅಂಗಳದಲ್ಲಿ ಸುತ್ತ ಬಂದು ನಿಲ್ಲುತ್ತವೆ. ಬೆನ್ನಿಗೆ ಬಲ ಹಾಕು, ಎಲ್ಲ ಶಕ್ತಿಯನ್ನೂ ಒಂದು ಕಡೆ ತಾ ಅಂತ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಕಲಿತದ್ದೆಲ್ಲ ಕೈಗೆ ಬರುತ್ತದೆ. ಮೂರನೇ ಸಲ ಕತ್ತಿ ಸಲೀಸಾಗಿ ಹೊರಬರುತ್ತದೆ. ಸಿನಿಮಾದಲ್ಲಿ ಇದ್ಯಾವುದೂ ಇಲ್ಲ. ಮೇಲಿಂದ ಒಂದು ಬೆಳಕು ಬೀಳುತ್ತದೆ, ಕೋರಸ್ ಕೇಳುತ್ತದೆ, ಕತ್ತಿ ಬರುತ್ತದೆ. ಹಾಗಾದರೆ ಮೀನಾಗಿದ್ದು, ಅಳಿಲಾಗಿದ್ದು ಯಾತಕ್ಕೆ? ಬುದ್ಧಿಯೇ ದೊಡ್ಡದು ಅಂತ ಮರ್ಲಿನ್ ಒಂದು ಗಂಟೆ ಹೇಳಿದ ಮೇಲೆ ಹುಟ್ಟಿನ ಬಲದಿಂದ ರಾಜನಾಗುವುದಾದರೆ ಪಾಠ ಯಾರಿಗೆ ಬೇಕಿತ್ತು? ಕಥೆಗೆ ದಾರ ಇಲ್ಲ ಅನ್ನುವ ದೂರಿಗೆ ಪರಿಹಾರ ಮೂಲ ಪುಸ್ತಕದಲ್ಲೇ ಇತ್ತು. ಎರಡು ನಿಮಿಷದ ದೃಶ್ಯ ಸಾಕಿತ್ತು.

ಒಂದು ಸಮಾಧಾನ ಇದೆ. ಸಿಂಹಾಸನದ ಮೇಲೆ ಕೂತ ವಾರ್ಟ್‌ನನ್ನು ಸಿನಿಮಾ ವೀರನಂತೆ ತೋರಿಸುವುದಿಲ್ಲ. ಕಿರೀಟ ದೊಡ್ಡದು, ಕಣ್ಣಿನವರೆಗೂ ಜಾರುತ್ತದೆ. ಓಡಿಹೋಗಲು ನೋಡುತ್ತಾನೆ. ಯಾವ ಬಾಗಿಲು ತೆರೆದರೂ ಹೊರಗೆ ಜೈಕಾರ ಕೂಗುವ ಜನ.

ಈ ಕತ್ತಿಯೇ ಎಕ್ಸ್‌ಕ್ಯಾಲಿಬರ್ ಅಲ್ಲವಾ?

ಆ ಹೆಸರು ಸಿನಿಮಾದಲ್ಲಿ ಬರುವುದಿಲ್ಲ. ಕಲ್ಲಿನ ಕತ್ತಿಯ ಪ್ರಸಂಗ ಸುಮಾರು 1200ರ ಹೊತ್ತಿಗೆ ಫ್ರೆಂಚ್ ಕವಿ ರೋಬೆರ್ ದ ಬೊರೋನ್ ಅವರಿಂದ ಬಂತು. 1485ರಲ್ಲಿ ಅಚ್ಚಾದ ಥಾಮಸ್ ಮ್ಯಾಲರಿಯ ದೊಡ್ಡ ಗ್ರಂಥದಲ್ಲಿ ಆರ್ಥರ್‌ಗೆ ಸರೋವರದ ದೇವಿಯಿಂದ ಇನ್ನೊಂದು ಕತ್ತಿ ಸಿಗುತ್ತದೆ. ಎಕ್ಸ್‌ಕ್ಯಾಲಿಬರ್ ಅಂತ ಜನ ಸಾಮಾನ್ಯವಾಗಿ ಹೇಳುವುದು ಅದನ್ನೇ. ಬೇರೆ ಬೇರೆ ಕಥೆಗಳಲ್ಲಿ ಎರಡೂ ಬೆರೆತುಹೋಗಿವೆ.

ಇದನ್ನು ನೋಡಿದರೆ ಆರ್ಥರ್ ಕಥೆ ಪೂರ್ತಿ ಗೊತ್ತಾಗುತ್ತದಾ?

ಇಲ್ಲ. ಆರ್ಥರ್‌ನ ವೀರರು ಕೂರುವ ದುಂಡು ಮೇಜು, ಅವನ ರಾಣಿ ಗ್ವಿನಿವಿಯರ್, ವೀರ ಲ್ಯಾನ್ಸಲಾಟ್ ಯಾವುದೂ ಇಲ್ಲ. ಆರ್ಥರ್ ಹುಡುಗನಾಗಿದ್ದಷ್ಟು ಮಾತ್ರ. ದಂತಕಥೆ ಅವನನ್ನು ಐದು-ಆರನೇ ಶತಮಾನಕ್ಕೆ ಸೇರಿಸುತ್ತದೆ. ಇಲ್ಲಿನ ಉಕ್ಕಿನ ಕವಚ, ಕುದುರೆ ಪಂದ್ಯ ಎಲ್ಲ ಎಷ್ಟೋ ಶತಮಾನ ಆಮೇಲಿನವು. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಹ್ಯಾರಿ ಪಾಟರ್ ಇದರ ಕಾಪಿಯಾ?

ಅನಾಥ ಹುಡುಗ, ಕಾಟ ಕೊಡುವ ಸಾಕುಮನೆ, ಉದ್ದ ಗಡ್ಡದ ಮಂತ್ರವಾದಿ ಗುರು, ಗೂಬೆ. ಹೋಲಿಕೆ ಕಾಣದವರು ಇಲ್ಲ. ರೌಲಿಂಗ್ ಅವರೇ ವೈಟ್ ಅವರ ವಾರ್ಟ್‌ನನ್ನು ಹ್ಯಾರಿಯ ಪೂರ್ವಜ ಎಂಬಂತೆ ಹೇಳಿಕೊಂಡಿದ್ದಾರೆ. ಕಾಪಿ ಅನ್ನುವುದಕ್ಕಿಂತ ಒಂದೇ ವಂಶ ಅನ್ನುವುದು ಸರಿ.

ಎಷ್ಟು ವರ್ಷದ ಮಕ್ಕಳಿಗೆ ತೋರಿಸಬಹುದು?

ಐದಾರು ವರ್ಷದಿಂದ ಧಾರಾಳವಾಗಿ ತೋರಿಸಬಹುದು. ಪೈಕ್ ಮೀನು ಅಟ್ಟಿಸಿಕೊಂಡು ಬರುವಾಗ, ಮಿಮ್ ಹುಡುಗನನ್ನು ಹಿಡಿಯಲು ಹೋಗುವಾಗ ಚಿಕ್ಕವರು ಸ್ವಲ್ಪ ಹೆದರುತ್ತಾರೆ. ತೋಳದಿಂದ ಭಯವಿಲ್ಲ, ಅದು ಸಿನಿಮಾ ಪೂರ್ತಿ ಹಸಿದುಕೊಂಡು ಸೋಲುತ್ತಲೇ ಇರುತ್ತದೆ. ಎಕ್ಟರ್‌ನ ಗೆಳೆಯ ಪೆಲಿನೋರ್ ಬಂದಾಗ ದೊಡ್ಡವರು ಕುಡಿಯುತ್ತಾ ಹಾಡುವ ದೃಶ್ಯ ಇದೆ. ಕೇ ಬೈಯುವುದು, ಎಕ್ಟರ್ ಶಿಕ್ಷೆಯಾಗಿ ಅಡುಗೆಮನೆ ಕೆಲಸ ಹೇರುವುದು ಪದೇ ಪದೇ ಬರುತ್ತದೆ. ಯಾಕೆ ಅವನೊಬ್ಬನೇ ಪಾತ್ರೆ ತೊಳೆಯಬೇಕು ಅಂತ ಮಕ್ಕಳು ಕೇಳುತ್ತಾರೆ. ಅಳಿಲಿನ ದೃಶ್ಯದ ಆಮೇಲೆ ಅವಳು ಎಲ್ಲಿ ಹೋದಳು ಅಂತಲೂ ಕೇಳುತ್ತಾರೆ. ಉತ್ತರ ಸಿದ್ಧ ಇಟ್ಟುಕೊಳ್ಳಿ.

ಮರ್ಲಿನ್‌ನ ಮಾತು ವೇಗ. ಹಳೇ ಇಂಗ್ಲಿಷ್ ತಮಾಷೆಗಳು ಕೆಲವು ದೊಡ್ಡವರಿಗೂ ಸಿಗುವುದಿಲ್ಲ. ಪಕ್ಕದಲ್ಲಿ ಕೂತು ಆಗಾಗ ಕನ್ನಡದಲ್ಲಿ ಹೇಳುತ್ತಾ ಹೋದರೆ ಮಕ್ಕಳು ಕೊನೆವರೆಗೂ ಕೂರುತ್ತಾರೆ.

ವಾಲ್ಟ್ ಡಿಸ್ನಿ ಬದುಕಿದ್ದಾಗ ಬಂದ ಕೊನೆಯ ಅನಿಮೇಷನ್ ಸಿನಿಮಾ ಇದು ಅನ್ನುವುದು ನಿಜವಾ?

ಪೂರ್ಣ ಪ್ರಮಾಣದ ಅನಿಮೇಷನ್ ಸಿನಿಮಾಗಳಲ್ಲಿ, ಹೌದು. ಅವರು ತೀರಿಕೊಂಡದ್ದು 1966ರ ಡಿಸೆಂಬರ್‌ನಲ್ಲಿ. ‘ದಿ ಜಂಗಲ್ ಬುಕ್’ ಬಂದದ್ದು 1967ರಲ್ಲಿ. ಈ ಸಿನಿಮಾ ತಯಾರಾಗುವಾಗ ಅವರ ತಲೆಯಲ್ಲಿ ‘ಮೇರಿ ಪಾಪಿನ್ಸ್’, ಡಿಸ್ನಿಲ್ಯಾಂಡ್, 1964ರ ನ್ಯೂಯಾರ್ಕ್ ವಿಶ್ವ ಮೇಳ ಎಲ್ಲ ಇದ್ದವು. ಕಥೆ ಸಡಿಲವಾಗಿರುವುದಕ್ಕೆ ಅದೇ ಕಾರಣ ಅಂತ ಅಭಿಮಾನಿಗಳು ಹೇಳುವುದುಂಟು. ಇನ್ನೊಂದು ಸ್ವಾರಸ್ಯ: ಮರ್ಲಿನ್‌ನ ಸಿಡುಕು, ತುಂಟತನ, ಜೊತೆಗೆ ಆ ಮೂಗನ್ನು ಬಿಲ್ ಪೀಟ್ ತೆಗೆದುಕೊಂಡದ್ದು ಬಾಸ್‌ನಿಂದಲೇ. ಇಬ್ಬರಿಗೂ ಆಗಾಗ ಜಟಾಪಟಿ ನಡೆಯುತ್ತಿತ್ತು. ಮುಂದಿನ ಸಿನಿಮಾದ ಹೊತ್ತಿಗೆ ಪೀಟ್ ಕೆಲಸ ಬಿಟ್ಟು ಹೋದರು.

ಹ್ಯೂಮನ್ ನಟರನ್ನು ಹಾಕಿ ಹೊಸದಾಗಿ ಮಾಡುತ್ತಾರಂತೆ?

2015ರಿಂದ ಆ ಸುದ್ದಿ ಓಡಾಡುತ್ತಿದೆ. ಬರಹಗಾರ, ನಿರ್ದೇಶಕರ ಹೆಸರೂ ಹೊರಬಿದ್ದಿತ್ತು. ಆಮೇಲೆ ವರ್ಷಗಟ್ಟಲೆ ಏನೂ ಆಗಲಿಲ್ಲ. ಅಭಿಮಾನಿಗಳಲ್ಲಿ ಅರ್ಧ ಜನ ಬೇಡವೇ ಬೇಡ ಅನ್ನುತ್ತಾರೆ. ಡಿಸ್ನಿಯ ಎಲ್ಲ ಹಳೇ ಸಿನಿಮಾಗಳಲ್ಲಿ ಹೊಸದಾಗಿ ಮಾಡಲು ನಿಜವಾದ ಕಾರಣ ಇರುವುದು ಇದಕ್ಕೇ ಅಂತ ನನಗನ್ನಿಸುತ್ತದೆ. ಚೆನ್ನಾಗಿರುವುದನ್ನು ಮತ್ತೆ ಮಾಡುವುದಕ್ಕಿಂತ, ಅರ್ಧ ಚೆನ್ನಾಗಿರುವುದನ್ನು ತಿದ್ದುವುದು ಮೇಲು. ಚರ್ಚಿನ ಅಂಗಳಕ್ಕೆ ಆ ಪ್ರಾಣಿಗಳನ್ನು ಕರೆತಂದರೆ ಸಾಕು, ಟಿಕೆಟ್ ನಾನು ಮೊದಲ ದಿನವೇ ತೆಗೆದುಕೊಳ್ಳುತ್ತೇನೆ.